ಎರಡು ಬರ್ಚ್ ಮರಗಳ ನಡುವಿನ ಜಾಗ

ಬಿಸಿಲಿಗೆ ಕಾದ ಕ್ಯಾನ್ವಾಸು, ಅದಕ್ಕೆ ಅಪ್ಪ ತಿಕ್ಕಿದ ಮೇಣ, ಹಗ್ಗದ ಮೇಲೆ ಅರ್ಧ ಒಣಗಿದ ಈಜುಡುಗೆ, ಹಿಂದಿನ ದಿನದ ಹೊಗೆ, ಇವೆಲ್ಲದರ ನಡುವೆ ಅಮ್ಮ ಬಟ್ಟೆಯಲ್ಲಿ ಸುತ್ತಿ ತಂದ ಏಲಕ್ಕಿ ಬ್ರೆಡ್ಡು. ಐಲಿ ಲಹ್ತಿಗೆ ಬೇಸಿಗೆ ಎಂದರೆ ಈ ವಾಸನೆ. ತಾಮ್ರದ ಗಣಿಯಿಂದ ರಜೆ ಸಿಕ್ಕಿದ ಕೂಡಲೇ ಅಪ್ಪ ಡೇರೆಯನ್ನು ಕಾರಿನ ನೆತ್ತಿಗೆ ಕಟ್ಟಿ ಮಕ್ಕಳನ್ನೆಲ್ಲ ಟ್ಯಾಮರಾಕ್ ಸರೋವರಕ್ಕೆ ಹೊರಡಿಸುತ್ತಿದ್ದ. ಆ ಡೇರೆ ಹರಿದು ಎಷ್ಟೋ ಕಾಲವಾಯಿತು. ಅದರ ಒಂದು ತುಂಡನ್ನು ಮಾತ್ರ ಐಲಿ ತನ್ನ ಟ್ರೇಲರಿನಲ್ಲಿ, ಹಾಸಿಗೆಯ ಕೆಳಗಿನ ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದಳು.

ಜನವರಿಯ ಒಂದು ಮಧ್ಯಾಹ್ನ ಅವಳು ಸಲಿಕೆ ಹಿಡಿದು ಕೊಟ್ಟಿಗೆಯ ಪಕ್ಕಕ್ಕೆ ದಾರಿ ಮಾಡಿಕೊಂಡು ಹೋದಳು. ಹಿಮದ ಟೋಪಿ ಹೊತ್ತು ಟ್ರೇಲರ್ ನಿಂತಿತ್ತು. ಪಿಕಪ್ ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆ ಅದು. ಒಳಗೆ ಹಾಸಿಗೆ, ಒಲೆ, ಮಡಚುವ ಮೇಜು, ಸಾಕೆನ್ನುವಷ್ಟು ಎಲ್ಲವೂ ಇದೆ. ಬಾಗಿಲು ಎಳೆದು ತೆರೆದು, ಕೋಟು ಬಿಚ್ಚದೆ ಹಾಸಿಗೆಯ ಅಂಚಿಗೆ ಕೂತು, ಆ ಕ್ಯಾನ್ವಾಸಿನ ತುಂಡನ್ನು ಮೂಗಿಗೆ ಹಿಡಿದಳು. ಮೂಗು ಚಳಿಗೆ ಮರಗಟ್ಟಿದ್ದರೂ ವಾಸನೆ ತನ್ನ ದಾರಿ ಹುಡುಕಿಕೊಂಡಿತು.

ಮನೆಯೊಳಗೆ ಬಂದಾಗ ಗಂಡ ಆರ್ವೊ ಅಡುಗೆಮನೆಯ ಮೇಜಿನ ಹತ್ತಿರವೇ ಕೂತಿದ್ದ.

"ಎಲ್ಲಿಗೆ ಹೋಗಿದ್ದೆ?"

"ಸರೋವರಕ್ಕೆ."

"ನೀರು ಹೇಗಿತ್ತು?"

"ಸ್ವಲ್ಪ ಗಟ್ಟಿ."

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, ಕಾಫಿ ಲೋಟವನ್ನು ಮೇಜಿನ ಮೇಲೆ ಸುಮ್ಮನೆ ತಿರುಗಿಸಿದ. "ಐಲಿ, ಆ ಟ್ರೇಲರನ್ನ ರುಡಿಗೆ ಕೊಡ್ತೀನಿ ಅಂದ್ಬಿಟ್ಟಿದ್ದೀನಿ. ಹಿಮ ಕರಗಿದ ಮೇಲೆ ತಗೊಂಡು ಹೋಗ್ತಾನೆ."

ರುಡಿ ಅವನ ತಮ್ಮ. ಕಾಡಿನಲ್ಲಿ ಅವನಿಗೊಂದು ತುಂಡು ಜಾಗವಿತ್ತು. ಟ್ರೇಲರಿನ ಚಕ್ರ ಕಳಚಿ, ಸಿಮೆಂಟು ಇಟ್ಟಿಗೆಗಳ ಮೇಲೆ ಕೂರಿಸಿ, ನವೆಂಬರಿನಲ್ಲಿ ಜಿಂಕೆ ಬೇಟೆಗೆ ಬರುವ ಗೆಳೆಯರ ಜೊತೆ ಅದರೊಳಗೆ ಇಸ್ಪೀಟು ಆಡಬೇಕು ಎಂಬುದು ಅವನ ಬಹುದಿನದ ಆಸೆ.

"ನನ್ನನ್ನ ಕೇಳಬೇಕು ಅನ್ನಿಸಲಿಲ್ವಾ?"

"ಕೇಳಿ ಏನು ಮಾಡ್ಲಿ? ಇನ್ನ ಓಡಿಸೋರು ಯಾರಿದ್ದಾರೆ?"

"ನಾನಿದ್ದೀನಿ."

"ಮುಂದಕ್ಕೆ ಎಲ್ಲರೂ ಓಡಿಸ್ತಾರೆ," ಎಂದ ಆರ್ವೊ, ಮೆತ್ತಗೆ. "ಹಿಂದಕ್ಕೆ?"

ಟ್ರೇಲರ್ ಕಟ್ಟಿದ ಗಾಡಿಯನ್ನು ಅವಳು ಎಂದೂ ಹಿಂದಕ್ಕೆ ಹಾಕಿರಲಿಲ್ಲ. ಆರ್ವೊನ ಕಣ್ಣಿನ ನಡುಭಾಗ ಕೆಲವು ವರ್ಷಗಳಿಂದ ಮಸುಕಾಗುತ್ತಾ ಬಂದಿತ್ತು. ಎದುರಿಗಿದ್ದವರ ಮುಖದ ಜಾಗದಲ್ಲಿ ಅವನಿಗೆ ಕಾಣುವುದು ಬೂದುಬಣ್ಣದ ಒಂದು ಮಚ್ಚೆ. ಸುತ್ತಲಿನ ಅಂಚು ಮಾತ್ರ ಇನ್ನೂ ಸ್ಪಷ್ಟ. ಐಲಿಯ ಮುಖ ನೋಡಬೇಕಾದರೆ ಅವನು ಅವಳ ಕಿವಿಯ ಆಚೆಗಿನ ಗೋಡೆಯನ್ನು ನೋಡುತ್ತಿದ್ದ. ಈಗಲೂ ಗೋಡೆಯನ್ನೇ ನೋಡುತ್ತಿದ್ದ. ಅಂದರೆ ಅವಳನ್ನೇ.

ಮದುವೆಯಾದ ಮೇಲೆ ಒಂದು ಬೇಸಿಗೆಯನ್ನೂ ಅವರು ತಪ್ಪಿಸಿರಲಿಲ್ಲ. ಸರೋವರದ ದಡದಲ್ಲಿ, ಜನ ಟ್ರೇಲರ್ ತಂದು ತಂಗುವ ರಾಜ್ಯ ಉದ್ಯಾನದಲ್ಲಿ ಒಂದು ಮೂಲೆ ಇದೆ. ಎರಡು ಬರ್ಚ್ ಮರ, ನಡುವೆ ಒಂದು ಟ್ರೇಲರ್ ತೂರುವಷ್ಟೇ ಸಂದು, ಹಿಂದೆ ನೀರು. ರಸ್ತೆಯಿಂದ ಅಡ್ಡ ತಿರುಗಿ, ಬಾಗುತ್ತಾ ಹಿಮ್ಮುಖವಾಗಿ ಒಳಗೆ ಹೋಗಬೇಕು. ಆರ್ವೊ ಸ್ಟೀರಿಂಗ್ ಹಿಡಿಯುತ್ತಿದ್ದ. ಐಲಿ ಹಿಂದೆ ನಿಂತು ಎಡಕ್ಕೆ, ಬಲಕ್ಕೆ, ಇನ್ನೂ ಬಾ, ಸಾಕು ಎಂದು ಕೈ ಬೀಸುತ್ತಿದ್ದಳು. ಗಾಡಿ ನಿಂತ ಮೇಲೆ ಒಂದು ಕಟ್ಟಳೆ ಇತ್ತು. ನಿಲ್ಲಿಸಿದವರು ಮೊದಲು ಕೂರಬೇಕು. ಆರ್ವೊ ಮಡಚುವ ಕುರ್ಚಿ ಬಿಡಿಸಿ ನೀರಿಗೆ ಮುಖ ಮಾಡಿ ಕೂತರೆ, ಐಲಿ ಮನೆಯಿಂದ ತಂದ ಪಾಸ್ಟಿಯನ್ನು, ಮಾಂಸ, ಆಲೂಗಡ್ಡೆ, ಗೆಡ್ಡೆ ತುಂಬಿ ಬೇಯಿಸಿದ ಆ ದೊಡ್ಡ ಕಡುಬನ್ನು, ಬಿಸಿ ಮಾಡಿ ಅವನ ಕೈಗೆ ಕೊಡುತ್ತಿದ್ದಳು. ಅವನು ಅದರ ಮೇಲೆ ಕೆಚಪ್ ಸುರಿದು ಅದರ ಮಾನ ಕಳೆಯುತ್ತಿದ್ದ. ಪ್ರತಿ ವರ್ಷ ಅವಳು ಅದನ್ನು ಹೇಳುತ್ತಿದ್ದಳು. ಪ್ರತಿ ವರ್ಷ ಅವನು ಇನ್ನಷ್ಟು ಸುರಿಯುತ್ತಿದ್ದ.

ಶನಿವಾರ ಸೌನಾ ಎಂಬ ಹಬೆಕೋಣೆಯಲ್ಲಿ ಬೆವರಿ, ಬೆಂದ ಬೀಟ್‌ರೂಟಿನಂಥ ಮುಖ ಹೊತ್ತು ರುಡಿ ಅಡುಗೆಮನೆಗೆ ಬಂದ.

"ಏನು ತಾಯಿ, ನನ್ನ ಬೇಟೆಮನೆ ಕೊಡಲ್ಲ ಅಂತೀಯಂತೆ?"

"ಅದಿನ್ನೂ ನಿನ್ನ ಬೇಟೆಮನೆ ಆಗಿಲ್ಲ. ಕಾಫಿ ಕುಡಿ."

"ಕೊಟ್ಟಿಗೆ ಬಾಗಿಲಿಗೆ ಕಾರು ಗುದ್ದಿದವಳು ನೀನೇ ಅಲ್ವಾ?"

"ಬಾಗಿಲು ತಾನಾಗೇ ಮುಚ್ಕೊಂಡಿತ್ತು."

"ಪಾಪ, ನೀನು ಬರೋದು ನೋಡಿ ಹೆದರಿರಬೇಕು."

ಆರ್ವೊ ನಗು ತಡೆಯಲು ಬ್ರೆಡ್ಡಿಗೆ ಬೆಣ್ಣೆ ಸವರುವುದರಲ್ಲಿ ಮಗ್ನನಾದ. ಐಲಿ ತಟ್ಟೆಯನ್ನು ರುಡಿಯ ಮುಂದಕ್ಕೆ ತಳ್ಳಿದಳು. "ಜುಲೈ ತಿಂಗಳು ನೀನೂ ಬರ್ತೀಯಲ್ಲ. ಅಲ್ಲಿವರೆಗೂ ಕಾಯಿ. ಆ ಬರ್ಚ್ ಮರದ ಜಾಗದಲ್ಲಿ ನಾನೇ ನಿಲ್ಲಿಸ್ತೀನಿ."

"ನಿಲ್ಲಿಸಿದ್ರೆ ನಾನು ಆ ಟ್ರೇಲರ್ ಹೆಸರೇ ಎತ್ತಲ್ಲ," ಎಂದ ರುಡಿ. "ಆಗಲಿಲ್ಲ ಅಂದ್ರೆ ಸ್ಟೀರಿಂಗ್ ನಂಗೆ ಬಿಡು. ನಾನೇ ಒಳಗೆ ಹಾಕಿಕೊಡ್ತೀನಿ. ವಾರ ಇದ್ದು, ಅಲ್ಲಿಂದ್ಲೇ ಕಾಡಿಗೆ ಎಳ್ಕೊಂಡು ಹೋಗ್ತೀನಿ. ಒಪ್ಪಿಗೆನಾ?"

ಐಲಿ ಆರ್ವೊನ ಕಡೆ ನೋಡಿದಳು. ಅವನು ಅವಳ ಕಿವಿಯಾಚೆಗಿನ ಗೋಡೆ ನೋಡುತ್ತಾ, "ನಿಮ್ಮಿಬ್ಬರ ಜಗಳದಲ್ಲಿ ನಾನಿಲ್ಲ," ಎಂದ. ಬೇಡ ಎನ್ನಲಿಲ್ಲ. ಅಷ್ಟು ಸಾಕಾಗಿತ್ತು.

ಆ ಉದ್ಯಾನದಲ್ಲಿ ಜುಲೈ ತಿಂಗಳ ಜಾಗ ಬೇಕೆಂದರೆ ಆರು ತಿಂಗಳು ಮೊದಲೇ, ಬೆಳಿಗ್ಗೆ ಎಂಟು ಹೊಡೆಯುತ್ತಲೇ ಕಂಪ್ಯೂಟರಿನಲ್ಲಿ ಕಾದಿರಿಸಬೇಕು. ಒಂದು ಸಲ ಕೆಮ್ಮುವಷ್ಟರಲ್ಲಿ ನೀರಿನ ಪಕ್ಕದ ಜಾಗಗಳೆಲ್ಲ ಮುಗಿದುಹೋಗುತ್ತವೆ. ಐಲಿಯ ಮನೆಯ ಇಂಟರ್‌ನೆಟ್ಟು ಹಿಮ ಬಿದ್ದ ದಿನ ಏಳುವುದೇ ಇಲ್ಲ. ಊರಿನ ಲೈಬ್ರರಿಯದು ಚೆನ್ನಾಗಿದೆ, ಆದರೆ ಅದು ತೆರೆಯುವುದು ಹತ್ತಕ್ಕೆ. ಲೈಬ್ರರಿ ನೋಡಿಕೊಳ್ಳುವ ಡೊರೀನ್ ಚಿಕ್ಕಂದಿನಲ್ಲಿ, ಐಲಿ ಚರ್ಚಿನಲ್ಲಿ ನಡೆಸುತ್ತಿದ್ದ ಭಾನುವಾರದ ಶಾಲೆಯಲ್ಲಿ ಕಲಿತವಳು. ಐಲಿ ಸಂಕೋಚದಿಂದ ವಿಷಯ ಹೇಳಿದಾಗ ಅವಳು "ನೋಡೋಣ" ಎಂದಳು, ಅಷ್ಟೇ. ಆ ದಿನ ಐಲಿ ಹೋಗುವಾಗ ಇನ್ನೂ ನಸುಗತ್ತಲು. ಲೈಬ್ರರಿಯ ಮೆಟ್ಟಿಲ ಹಿಮ ಆಗಲೇ ಗುಡಿಸಿಯಾಗಿತ್ತು, ಒಳಗೆ ದೀಪ ಉರಿಯುತ್ತಿತ್ತು, ಕಂಪ್ಯೂಟರಿನ ಪಕ್ಕ ಒಂದು ಲೋಟ ಕಾಫಿ ಹಬೆಯಾಡುತ್ತಿತ್ತು.

ಎಂಟಕ್ಕೆ ಸ್ವಲ್ಪ ಮೊದಲು ಡೊರೀನ್ ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. "ಮಿಸೆಸ್ ಲಹ್ತಿ, ಇದೊಂದು ಜಾಗ ಇದೆ ನೋಡಿ. ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಹೊರಗೆ ಬರೋದು. ಹಿಂದಕ್ಕೆ ಹಾಕೋ ಕಷ್ಟನೇ ಇಲ್ಲ. ಬೇಗ ಹೋಗೋದೂ ಇಲ್ಲ."

"ಅಲ್ಲಿ ಕೂತ್ರೆ ಏನು ಕಾಣುತ್ತೆ?"

ಡೊರೀನ್ ನಕ್ಷೆ ನೋಡಿದಳು. "ಶೌಚಾಲಯ. ಕಸದ ತೊಟ್ಟಿ."

"ಆರ್ವೊಗೆ ಈಗ ಅಂಚು ಮಾತ್ರ ಕಾಣೋದು ಕಣಮ್ಮ. ಆ ಅಂಚಿನಲ್ಲಿ ನೀರಿರಲಿ."

ಡೊರೀನ್ ಬೆರಳನ್ನು ಬರ್ಚ್ ಮರಗಳ ಜಾಗಕ್ಕೆ ಸರಿಸಿದಳು. ಗೋಡೆಯ ಗಡಿಯಾರ ನೋಡುತ್ತಾ, "ಈಗ," ಎಂದಳು. ಐಲಿ ಒತ್ತಿದಳು. ಪರದೆ ಬಿಳಿಯಾಯಿತು. ಇಬ್ಬರೂ ಏನನ್ನೋ ಒಲೆಯಿಂದ ಇಳಿಸಲು ಕಾಯುವವರ ಹಾಗೆ ನಿಂತರು. ಕೊನೆಗೆ ಹಸಿರು ಅಕ್ಷರಗಳಲ್ಲಿ ಅವಳ ಹೆಸರು ಬಂತು. ಬರ್ಚ್ ಮರಗಳ ಜಾಗ, ಜುಲೈ, ಇಡೀ ಒಂದು ವಾರ. ಹೊರಗೆ ಬಂದು ನೋಡಿದರೆ ಅವಳ ಗಾಡಿಯ ಗಾಜಿನ ಮೇಲಿನ ಮಂಜನ್ನು ಯಾರೋ ಕೆರೆದು ಸ್ವಚ್ಛ ಮಾಡಿದ್ದರು. ಕಾಫಿ ಮುಗಿಸುವಷ್ಟರಲ್ಲಿ ಡೊರೀನ್ ಯಾವಾಗ ಹೊರಗೆ ಹೋಗಿ ಬಂದಳೋ, ಅವಳಿಗೆ ಗೊತ್ತಾಗಲೇ ಇಲ್ಲ.

ಮೇ ತಿಂಗಳಲ್ಲಿ ಹಿಮ ಪೂರ್ತಿ ಕರಗಿದ ಮೇಲೆ ಐಲಿ ಟ್ರೇಲರನ್ನು ಪಿಕಪ್ಪಿಗೆ ಕಟ್ಟಿ ಚರ್ಚಿನ ಅಂಗಳಕ್ಕೆ ಒಯ್ದಳು. ವಾರದ ದಿನಗಳಲ್ಲಿ ಅದು ಖಾಲಿ. ಐಸ್‌ಕ್ರೀಮಿನ ಖಾಲಿ ಬಕೆಟ್‌ಗಳನ್ನು ಬೋರಲು ಹಾಕಿ ಬರ್ಚ್ ಮರಗಳ ಸಂದನ್ನು ಗುರುತು ಮಾಡಿಕೊಂಡಳು. ಮೊದಲ ದಿನ ಎಡಗಡೆಯ ಮರ ಸತ್ತಿತು. ಎರಡನೆಯ ದಿನ ಎರಡೂ. ಪಾದ್ರಿ ಕಿಟಕಿಯಿಂದ ನೋಡಿ ಹೊರಗೆ ಬಂದು, ತಮ್ಮ ಕಾರನ್ನು ರಸ್ತೆಯ ಆಚೆಗೆ ನಿಲ್ಲಿಸಿದರು. ಸ್ವಲ್ಪ ಯೋಚಿಸಿ, ಬಾಗಿಲ ಬಳಿಯ ಹೂಕುಂಡಗಳನ್ನೂ ಒಳಗೆ ಒಯ್ದರು.

ಅವಳ ತಪ್ಪು ವಿಚಿತ್ರವಾದದ್ದು. ಹೊಸದಾಗಿ ಕಲಿಯುವವರು ಮಾಡುವಂಥದ್ದಲ್ಲ. ಟ್ರೇಲರಿನ ಬಾಲ ಎಲ್ಲಿಗೆ ಹೋಗಬೇಕು ಎಂಬುದು ಅವಳಿಗೆ ಅಂಗೈಯಷ್ಟು ಚೆನ್ನಾಗಿ ಗೊತ್ತು. ಇಷ್ಟು ವರ್ಷ ಹಿಂದೆ ನಿಂತು ಅದನ್ನೇ ನೋಡಿದವಳು. ಈಗ ಸ್ಟೀರಿಂಗ್ ಹಿಡಿದಾಗಲೂ ಮನಸ್ಸು ಅಲ್ಲೇ, ಹಿಂದೆಯೇ ನಿಂತು ಕೈ ಬೀಸುತ್ತಿತ್ತು. ಬಾಲ ಎಡಕ್ಕೆ ಹೋಗಬೇಕು ಎಂದುಕೊಂಡ ಕೂಡಲೇ ಕೈ ಸ್ಟೀರಿಂಗನ್ನು ಎಡಕ್ಕೆ ತಿರುಗಿಸುತ್ತಿತ್ತು. ಬಾಲ ಬಲಕ್ಕೆ ಹೊರಳುತ್ತಿತ್ತು. ಗಾಬರಿಯಲ್ಲಿ ಅವಳು ಇನ್ನೂ ಎಡಕ್ಕೆ ತಿರುಗಿಸುತ್ತಿದ್ದಳು. ಕೊನೆಗೆ ಪಿಕಪ್ಪೂ ಟ್ರೇಲರೂ ಮುನಿಸಿಕೊಂಡ ಜೋಡಿಯ ಹಾಗೆ ಮೂತಿ ತಿರುಗಿಸಿಕೊಂಡು ನಿಲ್ಲುತ್ತಿದ್ದವು.

"ಇವತ್ತು ಎಷ್ಟು ಮರ ಬಿದ್ವು?" ಎಂದು ಆರ್ವೊ ಊಟದ ಹೊತ್ತಿಗೆ ಕೇಳುತ್ತಿದ್ದ.

"ಕೇಳಬೇಡ."

"ಹಾಗಾದ್ರೆ ಐಸ್‌ಕ್ರೀಮ್ ಇನ್ನೂ ತಿನ್ನಬೇಕು ಅಂತಾಯ್ತು. ನಂಗೇನೂ ಬೇಜಾರಿಲ್ಲ."

ತಮಾಷೆ ಮಾಡುತ್ತಿದ್ದನೇ ಹೊರತು ಒಂದು ದಿನವೂ ಜೊತೆಗೆ ಬರಲಿಲ್ಲ. ಆ ಟ್ರೇಲರ್ ಕಟ್ಟಿದ ಗಾಡಿಯಲ್ಲಿ ಅವನು ಎಂದೂ ಪಕ್ಕದ ಸೀಟಿನಲ್ಲಿ ಕೂತವನಲ್ಲ. ಐಲಿಗೆ ಅದು ಅರ್ಥವಾಗುತ್ತಿತ್ತು, ಆದ್ದರಿಂದ ಕರೆಯಲೂ ಇಲ್ಲ.

ಜೂನ್ ತಿಂಗಳ ಒಂದು ಸಂಜೆ ಅವಳು ಟ್ರೇಲರಿನ ಮೂಲೆಯ ದೀಪ ಒಡೆದುಕೊಂಡು ಬಂದಳು. ಚರ್ಚಿನ ದೀಪದ ಕಂಬ ಬಕೆಟ್ಟಿನ ಹಾಗೆ ಉರುಳಿ ಬೀಳುವ ಜಾತಿಯದಲ್ಲ. ಕೈ ತೊಳೆದು ಬಹಳ ಹೊತ್ತು ಟವೆಲ್ಲಿನಲ್ಲಿ ಒರೆಸುತ್ತಾ ನಿಂತು, "ರುಡಿಗೆ ಫೋನ್ ಮಾಡಿಬಿಡು," ಎಂದಳು. "ನನ್ನ ಕೈಯಲ್ಲಿ ಆಗಲ್ಲ ಇದು."

ಆರ್ವೊ ತಮಾಷೆ ಮಾಡಲಿಲ್ಲ. ಫೋನೂ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಬಟ್ಟೆ ಒಣಹಾಕಲು ಹೊರಗೆ ಬಂದರೆ, ಅವನು ಟೋಪಿ ಹಾಕಿಕೊಂಡು ಪಿಕಪ್ಪಿನ ಪಕ್ಕದ ಸೀಟಿನಲ್ಲಿ ಕೂತಿದ್ದ. ಬೆಲ್ಟ್ ಕೂಡ ಕಟ್ಟಿಕೊಂಡಿದ್ದ.

"ಎಲ್ಲಿಗೆ?" ಎಂದಳು ಐಲಿ.

"ಚರ್ಚಿಗೆ. ಆ ದೀಪದ ಕಂಬಕ್ಕೆ ಕ್ಷಮೆ ಕೇಳೋದಿದೆ."

ಅಂಗಳದಲ್ಲಿ ಅವಳು ಹಿಂದಕ್ಕೆ ಹಾಕತೊಡಗಿದಾಗ ಅವನು ಕಣ್ಣು ಮುಚ್ಚಿ, ಎಂಜಿನ್ನಿನ ಸದ್ದು ಕೇಳುತ್ತಾ ಕೂತ. ಸ್ವಲ್ಪ ಹೊತ್ತಿನ ಮೇಲೆ, "ಕೈ ಎಲ್ಲಿಟ್ಟಿದ್ದೀಯ?" ಎಂದ.

"ಸ್ಟೀರಿಂಗ್ ಮೇಲೆ. ಇನ್ನೆಲ್ಲಿಡಲಿ?"

"ಮೇಲ್ಗಡೆ ಹಿಡಿದಿದ್ದೀಯಾ?"

"ಹೂಂ."

"ಕೆಳಗೆ ಹಿಡಿ. ಒಂದೇ ಕೈ. ನಿನ್ನ ಹೊಟ್ಟೆ ಹತ್ತಿರ." ಅವಳ ಬಲಗೈಯನ್ನು ತಡಕಿ ಹಿಡಿದು, ಸ್ಟೀರಿಂಗಿನ ತೀರ ಕೆಳಭಾಗಕ್ಕೆ ತಂದಿಟ್ಟ. "ಈಗ ಬಾಲ ಎಡಕ್ಕೆ ಹೋಗಬೇಕು ಅಂದ್ರೆ ಈ ಕೈ ಎಡಕ್ಕೆ ಸರಿಸು. ಬಲಕ್ಕೆ ಅಂದ್ರೆ ಬಲಕ್ಕೆ. ತಲೆ ಉಪಯೋಗಿಸಬೇಡ. ತಲೆ ಉಪಯೋಗಿಸಿದ್ರೆ ಕೆಟ್ಟೆ."

ಅವಳು ಕೈಯನ್ನು ಎಡಕ್ಕೆ ಸರಿಸಿದಳು. ಕನ್ನಡಿಯಲ್ಲಿ ಟ್ರೇಲರಿನ ಬಾಲ, ಹೇಳಿದ ಮಾತು ಕೇಳುವ ಹಸುವಿನ ಹಾಗೆ, ಎಡಕ್ಕೆ ತಿರುಗಿತು. ಬಲಕ್ಕೆ ಸರಿಸಿದಳು. ಬಲಕ್ಕೆ ಬಂತು. ಬಕೆಟ್‌ಗಳು ಎರಡೂ ಬದಿಯಲ್ಲಿ ಕುತ್ತಿಗೆ ನೆಟ್ಟಗೆ ಮಾಡಿಕೊಂಡು ಉಳಿದವು.

ಐಲಿ ಬ್ರೇಕ್ ಒತ್ತಿ ಅವನ ಕಡೆ ತಿರುಗಿದಳು. "ಇದನ್ನ ಮೊದಲೇ ಹೇಳಬಾರದಿತ್ತಾ?"

"ಹೇಳೋ ವಿಷಯ ಅಂತ ಅನ್ನಿಸಿರಲಿಲ್ಲ. ನಿನ್ನೆ ಯೋಚನೆ ಮಾಡ್ತಾ ಕೂತಾಗ ಹೊಳೀತು." ಅವನು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡ. "ನೀನು ಹಿಂದೆ ನಿಂತು ಕೈ ಬೀಸ್ತಿದ್ದೆಯಲ್ಲ. ನೀನು ಎಡಕ್ಕೆ ಬೀಸಿದ್ರೆ ನನ್ನ ಕೈ ಎಡಕ್ಕೆ ಸರೀತಿತ್ತು. ಬಲಕ್ಕೆ ಬೀಸಿದ್ರೆ ಬಲಕ್ಕೆ. ನಿನ್ನ ಕೈ ಹೇಗೋ ನನ್ನ ಕೈ ಹಾಗೆ. ನಂಗೆ ಗೊತ್ತಿರೋದು ಅಷ್ಟೇ ಐಲಿ. ಹಿಂದಕ್ಕೆ ಹಾಕ್ತಿದ್ದಿದ್ದು ನೀನೇ."

ಅವಳಿಗೆ ಸ್ವಲ್ಪ ಹೊತ್ತು ಎದುರಿನ ಗಾಜು ಮಂಜಾದಂತೆ ಕಂಡಿತು. ವೈಪರ್ ಹಾಕಿ ಪ್ರಯೋಜನವಿಲ್ಲದ ಮಂಜು. ಆಮೇಲೆ ಗೇರು ಬದಲಿಸಿ, "ಇನ್ನೊಂದು ಸಲ," ಎಂದಳು. ಆ ವಾರದ ಕೊನೆಗೆ ಪಾದ್ರಿ ಹೂಕುಂಡಗಳನ್ನು ಹೊರಗೆ ತಂದಿಟ್ಟರು.

ಜುಲೈ ತಿಂಗಳ ಆ ಮಧ್ಯಾಹ್ನ ಉದ್ಯಾನ ತುಂಬಿತ್ತು. ಹೊಸ ಟ್ರೇಲರ್ ಒಳಗೆ ಬರುವಾಗ ಸುತ್ತಲಿನವರೆಲ್ಲ ತಮ್ಮ ಮಡಚುವ ಕುರ್ಚಿಗಳಲ್ಲಿ ಕೂತು ನೋಡುವುದು ಅಲ್ಲಿನ ರೂಢಿ. ಟೀವಿ ಇಲ್ಲದ ಊರಿನಲ್ಲಿ ಅದೇ ಟೀವಿ. ಪಕ್ಕದ ಜಾಗದಲ್ಲಿ ತನ್ನ ಡೇರೆಯ ಮುಂದೆ ರುಡಿ ಮುಂದಿನ ಸಾಲಿನ ಟಿಕೆಟು ಕೊಂಡವನ ಹಾಗೆ ಕಾಲು ಚಾಚಿ ಕೂತಿದ್ದ.

"ಬಾ ತಾಯಿ," ಎಂದ. "ಮರಗಳಿಗೆ ಹೇಳಿದ್ದೀನಿ, ಸ್ವಲ್ಪ ಹುಷಾರಾಗಿರಿ ಅಂತ."

ಐಲಿ ಕೈ ಕೆಳಗಿಟ್ಟು ಹಿಂದಕ್ಕೆ ಬಿಟ್ಟಳು. ಎಡಗಡೆಯ ಬರ್ಚ್ ಕನ್ನಡಿಯಲ್ಲಿ ಚೆನ್ನಾಗಿ ಕಾಣುತ್ತಿತ್ತು. ಆದರೆ ಬಾಗು ಬಂದ ಕೂಡಲೇ ಬಲಗಡೆಯ ಮರ ಟ್ರೇಲರಿನ ಬೆನ್ನ ಹಿಂದೆ ಮರೆಯಾಯಿತು. ಚರ್ಚಿನ ಅಂಗಳದಲ್ಲಿ ಈ ಬಾಗು ಇರಲಿಲ್ಲ. ಎಲ್ಲೋ ಒಂದು ಕೊಂಬೆ ಕರ್ರೆಂದು ತಗಡಿಗೆ ಉಜ್ಜಿತು. ಅವಳು ನಿಲ್ಲಿಸಿ, ಮತ್ತೆ ರಸ್ತೆಯ ತನಕ ಮುಂದಕ್ಕೆ ಬಂದಳು. ಅಷ್ಟೂ ಕುರ್ಚಿಗಳು ಅವಳನ್ನೇ ನೋಡುತ್ತಿದ್ದವು.

ಆಗ ಅದೇ ಸಾಲಿನ ಡೇರೆಯೊಂದರ ಮುಂದೆ ಕೂತಿದ್ದ ಹೆಂಗಸೊಬ್ಬಳು, ಐಲಿ ಎಂದೂ ಕಂಡವಳಲ್ಲ, ಎದ್ದು ತನ್ನ ಕುರ್ಚಿಯನ್ನು ಎತ್ತಿ ಸರೋವರದ ಕಡೆ ತಿರುಗಿಸಿ ಕೂತಳು. ಒಂದು ನಿಮಿಷದ ಮೇಲೆ ಅವಳ ಗಂಡನೂ ತಿರುಗಿಸಿದ. ಅವನ ಪಕ್ಕದವರೂ. ನೀರಿನಲ್ಲಿ ಅಂಥ ವಿಶೇಷ ಏನೂ ಇರಲಿಲ್ಲ.

ರುಡಿ ಮಾತ್ರ ತಿರುಗಲಿಲ್ಲ. ಎದ್ದು, ಪ್ಯಾಂಟಿಗೆ ಕೈ ಒರೆಸಿಕೊಂಡು ಗಾಡಿಯ ಹತ್ತಿರ ಬಂದ. "ಸರಿ ಇಳಿ ಐಲಿ. ಪ್ರಯತ್ನಪಟ್ಟೆಯಲ್ಲ, ಅದೇ ದೊಡ್ಡದು. ನಾನು ಹಾಕ್ತೀನಿ."

ಬಾಗಿಲು ತೆರೆದ ಸದ್ದಾಯಿತು. ಇಳಿದದ್ದು ಐಲಿಯಲ್ಲ, ಆರ್ವೊ. ಟ್ರೇಲರಿನ ಮೈ ಸವರಿಕೊಂಡು ಹಿಂದಕ್ಕೆ ನಡೆದ.

"ಎಲ್ಲಿಗೋ?" ಎಂದ ರುಡಿ. "ನಿಂಗೆ ಕಾಣಲ್ಲ ಆರ್ವೊ."

"ನಡುವೆ ಇರೋದು ಕಾಣಲ್ಲ," ಎಂದ ಆರ್ವೊ, ನಡಿಗೆ ನಿಲ್ಲಿಸದೆ. "ನಡುವೆ ಇರೋದು ನಮ್ಮ ಟ್ರೇಲರ್. ಅದು ಹೇಗಿದೆ ಅಂತ ನಂಗೆ ಗೊತ್ತು. ಮರಗಳು ಎರಡೂ ಅಂಚಿನಲ್ಲಿವೆ. ಅವು ಚೆನ್ನಾಗೇ ಕಾಣ್ತವೆ. ನೀನು ಹೋಗಿ ಕೂತ್ಕೋ."

ನೀರಿಗೆ ಬೆನ್ನು ಮಾಡಿ, ಇಷ್ಟು ವರ್ಷ ಐಲಿ ನಿಲ್ಲುತ್ತಿದ್ದ ಜಾಗದಲ್ಲಿ ನಿಂತ. ಅವಳ ಕನ್ನಡಿಯಲ್ಲಿ ಕಾಣುವ ಹಾಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ನೆಟ್ಟಗೆ ಮುಂದೆ ನೋಡುತ್ತಾ ಕೈ ಎತ್ತಿದ.

ಐಲಿ ಕನ್ನಡಿಯಲ್ಲಿ ಆ ಕೈಯನ್ನು ನೋಡಿದಳು. ಬೇರೆ ಏನನ್ನೂ ನೋಡಲಿಲ್ಲ. ಅದು ಎಡಕ್ಕೆ ಹೋದಾಗ ಸ್ಟೀರಿಂಗಿನ ಕೆಳಗೆ ಅವಳ ಕೈ ಎಡಕ್ಕೆ ಹೋಯಿತು. ಅದು ನಿಧಾನವಾದಾಗ ಇದೂ ನಿಧಾನವಾಯಿತು. ಬಲಕ್ಕೆ, ಇನ್ನೂ ಸ್ವಲ್ಪ ಬಲಕ್ಕೆ, ನೇರ. ಎಡಗಡೆಯ ಮರದ ಬಿಳಿ ತೊಗಟೆ ಕಿಟಕಿಯ ಪಕ್ಕ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಹಾದುಹೋಯಿತು. ಬಲಗಡೆಯ ಮರವೂ ಕೊನೆಗೆ ಕಾಣಿಸಿಕೊಂಡಿತು, ಇರಬೇಕಾದ ಜಾಗದಲ್ಲೇ. ಚಕ್ರದ ಕೆಳಗೆ ಜಲ್ಲಿ ಕರಕರ ಎಂದಿತು. ಆರ್ವೊ ಅಂಗೈ ತೆರೆದು ಹಿಡಿದ. ಅವಳು ನಿಲ್ಲಿಸಿ ಎಂಜಿನ್ ಆರಿಸಿದಳು.

ಆಮೇಲೆ ನೀರು ನೋಡುತ್ತಿದ್ದ ಆ ಹೆಂಗಸು, ಕುರ್ಚಿ ತಿರುಗಿಸದೆಯೇ, ಚಪ್ಪಾಳೆ ತಟ್ಟಿದಳು. ಅಂದರೆ ಅವಳು ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದಳು. ಸಾಲಿನುದ್ದಕ್ಕೂ ಚಪ್ಪಾಳೆ ಹಬ್ಬಿತು. ಯಾರೋ ಮಕ್ಕಳು ಸೀಟಿ ಹೊಡೆದರು. ಐಲಿ ಗಾಡಿಯಿಂದ ಇಳಿಯುವಾಗ ಮುಖದಲ್ಲಿ ದಿನವೂ ಇದನ್ನೇ ಮಾಡುವವಳ ಗತ್ತು.

ರುಡಿ ತನ್ನ ಜಾಗದಿಂದ ಎರಡು ಮರದ ತುಂಡು ತಂದು, ಮೊಣಕಾಲೂರಿ, ಟ್ರೇಲರಿನ ಚಕ್ರಗಳಿಗೆ ಅಡ್ಡ ಕೊಟ್ಟ. ಸರಿಯಾಗಿ ಕೂತಿವೆಯೇ ಎಂದು ಬೂಟಿನಿಂದ ಒದ್ದು ನೋಡಿದ. ಎದ್ದು ನಿಂತು, "ಬೇಟೆಗೆ ಡೇರೆನೇ ಒಳ್ಳೇದು," ಎಂದ. "ಗಾಳಿ ಚೆನ್ನಾಗಿ ಬರುತ್ತೆ."

"ನವೆಂಬರಿನಲ್ಲಿ ತುಂಬಾ ಚೆನ್ನಾಗಿ ಬರುತ್ತೆ," ಎಂದಳು ಐಲಿ. "ನನ್ನ ಹತ್ತಿರ ಅಪ್ಪನ ಡೇರೆದೊಂದು ತುಂಡಿದೆ. ಬೇಕಾದ್ರೆ ತೇಪೆ ಹಾಕ್ಕೋ."

ರುಡಿ ತಲೆಯಾಡಿಸುತ್ತಾ ನಗುತ್ತಾ ಹೋದ.

ಅಭ್ಯಾಸದಂತೆ ಐಲಿ ಟ್ರೇಲರಿನ ಮೆಟ್ಟಿಲ ಕಡೆ ಹೊರಟಳು. ಒಲೆ ಹಚ್ಚಬೇಕು, ಪಾಸ್ಟಿ ಬಿಸಿ ಮಾಡಬೇಕು. ಆದರೆ ಆರ್ವೊ ಆಗಲೇ ಒಂದೇ ಒಂದು ಕುರ್ಚಿಯನ್ನು ಬಿಡಿಸಿ, ನೀರಿಗೆ ಮುಖ ಮಾಡಿ ಇಟ್ಟು, ಅದರ ಬೆನ್ನು ಹಿಡಿದು ನಿಂತಿದ್ದ. ಅವಳು ಅವನನ್ನು ನೋಡಿದಳು. ಅವನು ಅವಳ ಕಿವಿಯಾಚೆಗಿನ ಸರೋವರವನ್ನು ನೋಡುತ್ತಿದ್ದ. ಅವಳು ಕೂತಳು.

ಒಳಗಿನಿಂದ ಕಪಾಟುಗಳು ತೆರೆದು ಮುಚ್ಚುವ ಸದ್ದು, ಏನೋ ಉರುಳಿದ ಸದ್ದು, ಒಂದು ಸಣ್ಣ ಬೈಗುಳ ಕೇಳಿಸಿದವು. ಎದ್ದು ಹೋಗಬೇಕೆನ್ನಿಸಿದರೂ ಅವಳು ಏಳಲಿಲ್ಲ. ಬಿಸಿಲು ಇಳಿಯುತ್ತಿತ್ತು, ಬರ್ಚ್ ಎಲೆಗಳ ನೆರಳು ಅವಳ ಪಾದದ ಮೇಲೆ ಆಡುತ್ತಿತ್ತು. ಬಹಳ ಹೊತ್ತಿನ ಮೇಲೆ ಮೆಟ್ಟಿಲಿನ ಮೇಲೆ ಒಂದೊಂದೇ ಹೆಜ್ಜೆ ಕೇಳಿಸಿತು. ಆರ್ವೊ ಅವಳ ಭುಜವನ್ನು ತಡಕಿ ಕಂಡುಕೊಂಡು, ಬಿಸಿ ಪಾಸ್ಟಿ ಇಟ್ಟ ತಟ್ಟೆಯನ್ನು ಅವಳ ಕೈಗೆ ಕೊಟ್ಟ. ಕೆಚಪ್ ಹಾಕಿರಲಿಲ್ಲ.